ಹಿತ್ತಲ ನಲ್ಲಿಯ ತಣ್ಣೀರು

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯಲು ಒಬ್ಬರು ಬೇಕಿತ್ತು. ನಾನು ಒಲೆಯ ಮುಂದೆ ಉಳಿದೆ, ತಂಗಿ ಶಾಲೆಗೆ ಹೋದಳು. ಅದಕ್ಕೆ ನನಗೆ ಬೇಸರವೇನೂ ಇರಲಿಲ್ಲ. ಅವಳು ಪಾಸಾದಾಗಲೆಲ್ಲ ನಾನೇ ಪಾಸಾದವಳಂತೆ ಓಣಿಯ ತುಂಬ ಸಕ್ಕರೆ ಹಂಚುತ್ತಿದ್ದೆ.

ಮದುವೆಯಾಗಿ ಹೈದರಾಬಾದಿಗೆ ಬಂದೆ. ಯಜಮಾನರಿಗೆ ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಎರಡು ಕೋಣೆಯ ಬಾಡಿಗೆ ಮನೆ, ಹಿಂದೆ ಅಂಗೈಯಷ್ಟು ಹಿತ್ತಲು, ಅಲ್ಲೊಂದು ನಲ್ಲಿ. ಅತ್ತೆಯೂ ನಮ್ಮ ಜೊತೆಗೇ ಇದ್ದರು. ನನ್ನ ಹಿಂದೆಯೇ ತಂಗಿಯೂ ಈ ಊರಿಗೆ ಬಂದಳು. ನರ್ಸ್ ಕೆಲಸ ಮತ್ತು ಹೆರಿಗೆ ಮಾಡಿಸುವುದು, ಎರಡನ್ನೂ ಕಲಿಸುವ ತರಬೇತಿಯಲ್ಲಿ ಅವಳಿಗೆ ಜಾಗ ಸಿಕ್ಕಿತ್ತು.

ಕಲಿಯುವಾಗ ಅವಳು ಹಾಸ್ಟೆಲಿನಲ್ಲಿದ್ದಳು. ಭಾನುವಾರ ನಮ್ಮ ಮನೆಗೆ ಬಂದರೆ ನನ್ನ ಹಿತ್ತಾಳೆ ಕೊಡವೇ ಅವಳಿಗೆ ಬಸುರಿಯ ಹೊಟ್ಟೆ. ಹಳೆಯ ಸೀರೆಯಲ್ಲಿ ಕೂಸು ಮಾಡಿ ಕೊಡದೊಳಗೆ ತುರುಕುವಳು. ಕೂಸಿನ ತಲೆ ಹೇಗೆ ತಿರುಗುತ್ತದೆ, ಭುಜ ಹೇಗೆ ಹೊರಳುತ್ತದೆ ಎಂದು ಅತ್ತೆಗೆ ತೋರಿಸುವಳು. ಒಮ್ಮೆ ಆ ಬಟ್ಟೆಯ ಕೂಸು ಒಳಗೇ ಸಿಕ್ಕಿಹಾಕಿಕೊಂಡು ಎಷ್ಟು ಎಳೆದರೂ ಬರಲಿಲ್ಲ.

"ಇನ್ನ ನಾ ನೀರು ಎದರಾಗ ತರ್ಲೆವಾ?" ಎಂದು ಅತ್ತೆ ಕೇಳಿದರು.

"ಅವಸರ ಮಾಡಬ್ಯಾಡ್ರಿ, ತಾನss ಬರ್ತೈತಿ," ಎಂದು ಅವಳು ಗಂಭೀರವಾಗಿ ಹೇಳಿದಳು.

ತರಬೇತಿ ಮುಗಿದು ಒಂದು ಹೆರಿಗೆ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಆಗಿನಿಂದ ನಮ್ಮಲ್ಲೇ ಇದ್ದಳು. ಮೊದಲ ದಿನ ಡ್ಯೂಟಿ ಮುಗಿಸಿ ನಗುನಗುತ್ತ ಬಂದಾಗ ನಾನು ಮುಂಬಾಗಿಲಿಗೆ ಅಡ್ಡ ನಿಂತೆ.

"ಹಿತ್ತಲದಿಂದ ಬಾ. ನಲ್ಲಿ ಕೆಳಗ ಮೈಮ್ಯಾಲೆ ನೀರು ಹಾಕ್ಕೊಂಡು ಒಳಗ ಬಾ. ಅತ್ತಿಯವ್ರು ಅದಾರ."

"ಸಾಬೂನು ಹಚ್ಚಿ ಕೈಕಾಲು ತೊಕ್ಕೊಂಡss ಬಂದೀನಿ, ಅಕ್ಕಾ."

"ಕೈ ತೊಳಿಯೋದು ಬ್ಯಾರೆ, ಮೈಲಿಗಿ ಬ್ಯಾರೆ."

ಹೆರಿಗೆಯಾದ ಕಡೆಯಿಂದ ಬಂದವರು ಮೀಯದೆ ಒಳಗೆ ಕಾಲಿಡಬಾರದು ಎಂದು ನಮ್ಮೂರಿನಲ್ಲಿ ಹೇಳುತ್ತಿದ್ದರು. ಆದರೆ ನಮ್ಮೂರಿನ ಮನೆಗಳಲ್ಲಿ ಹೆರಿಗೆ ಯಾವಾಗಲೋ ಒಮ್ಮೆ. ಇವಳಿಗೆ ಅದು ದಿನದ ಕೆಲಸ. ಅತ್ತೆ ನನ್ನ ತವರನ್ನು ಹಗುರವಾಗಿ ಕಂಡಾರು ಎಂಬ ಹೆದರಿಕೆ ನನಗೆ. ಅವಳು ಚೀಲ ಹಿಡಿದು ಹಿತ್ತಲಿಗೆ ಹೋದಳು. ಅಂದಿನಿಂದ ದಿನಾ ಹಾಗೇ. ಹೈದರಾಬಾದಿನ ಚಳಿ ದೊಡ್ಡದಲ್ಲ ಎನ್ನುವವರು ಜನವರಿಯ ಬೆಳಿಗ್ಗೆ ಆ ನಲ್ಲಿಯ ಕೆಳಗೆ ಕೂತು ನೋಡಬೇಕು. ಒಲೆಯ ಮೇಲೆ ಬಿಸಿನೀರು ಇರುತ್ತಿತ್ತು. ಒಂದು ತಂಬಿಗೆಯನ್ನೂ ನಾನು ಅವಳಿಗೆ ಕೊಡಲಿಲ್ಲ. ಹಂಡೆಗೆ ಮೈಲಿಗೆ ತಾಗೀತು ಎಂದುಕೊಂಡೆ.

ಅವಳು ಮಾತ್ರ ಮಿಂದು, ತಲೆ ಒರೆಸುತ್ತ ಬಂದು ಊಟಕ್ಕೆ ಕೂತರೆ ವಾರ್ಡಿನ ಸುದ್ದಿ ಮುಗಿಯುತ್ತಿರಲಿಲ್ಲ. ದವಾಖಾನೆಯ ಕೆಲವು ಹಳಬರು ಹೆರುವವರನ್ನು ಬೈಯುವುದು ಅವಳಿಗೆ ಸೇರುತ್ತಿರಲಿಲ್ಲ. "ನೋವು ತಿನ್ನಾಕಿ ಆಕಿ. ಆ ಹೊತ್ತಿನಾಗ ಆ ಕೋಣ್ಯಾಗ ಆಕಿನss ಎಲ್ಲಾರಿಗಿಂತ ದೊಡ್ಡಾಕಿ," ಎನ್ನುತ್ತಿದ್ದಳು. ಅದಕ್ಕೇ ತನಗಿಂತ ಚಿಕ್ಕ ಹುಡುಗಿಯನ್ನೂ ಅಕ್ಕಾ ಎಂದೇ ಕರೆಯುತ್ತಿದ್ದಳು. ಮುಸಲ್ಮಾನರ ಹೆಣ್ಣುಮಕ್ಕಳಿಗೆ ಆಪಾ. ಅವಳದು ಇನ್ನೊಂದು ನೇಮವಿತ್ತು. ತಣ್ಣನೆಯ ಕೈಯಲ್ಲಿ ಯಾರ ಹೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ತೊಳೆದ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಮುಟ್ಟುವುದು. "ತಣ್ಣನ ಕೈ ತಾಗಿದ್ರ ತಾಯಿ ಮೈ ಬಿಗೀತಾಳ. ಹೆರಿಗಿ ಅಂದ್ರ ಮೈ ಸಡ್ಲ ಬಿಡೂದು."

ಅಷ್ಟು ಕೇಳಿಯೂ, ಅವಳ ಕೈ ದಿನಾ ತಣ್ಣಗಾಗುತ್ತಿದ್ದುದು ಯಾರಿಂದ ಎಂದು ನನಗೆ ಹೊಳೆಯಲಿಲ್ಲ.

ಅವಳು ಬಂದ ಎರಡನೆಯ ಚಳಿಗಾಲಕ್ಕೆ ನಾನು ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅವ್ವ ಇಲ್ಲದ ನನಗೆ ತಂಗಿಯೇ ತವರು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಸೊಂಟ ಹಿಡಿದುಕೊಂಡಿತು. ಗೋಡೆ ಹಿಡಿದು ಎದ್ದು ಹಿತ್ತಲ ಬಾಗಿಲಿಗೆ ಬಂದೆ. ರಾತ್ರಿ ಪಾಳಿ ಮುಗಿಸಿದ ತಂಗಿ ಆಗತಾನೇ ನಲ್ಲಿಯ ಹತ್ತಿರ ಚೀಲ ಇಳಿಸುತ್ತಿದ್ದಳು.

"ಅಕ್ಕಾ, ಯಾಕ ಹಂಗ ನಿಂತಿ? ನೋವು ಬಂತೇನು? ಒಳಗ ಬರ್ಲೇನು?"

ನನ್ನ ಬೆನ್ನ ಹಿಂದೆ ಅತ್ತೆ ನಿಂತಿದ್ದರು. ನೋವಿನಲ್ಲೂ ನಾನು ಹೇಳಿದ್ದು ಒಂದೇ ಮಾತು: "ಮೊದ್ಲ ನೀರು ಹಾಕ್ಕೋ."

ನನ್ನ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ನಲ್ಲಿ ತಿರುಗಿಸಿದಳು. ಒದ್ದೆ ಕೂದಲಲ್ಲಿ, ಹಲ್ಲು ಕಟಕಟ ಎನ್ನುತ್ತ ಒಳಗೆ ಬಂದಾಗ ನಾನು ಮಂಚದ ಮೇಲೆ ಒದ್ದಾಡುತ್ತಿದ್ದೆ.

"ಲಗೂ ಮುಟ್ಟಿ ನೋಡss!"

"ತಡಿ, ಕೈ ಬಿಸಿ ಆಗ್ಲಿ," ಎಂದು ಅವಳು ಒಲೆಯ ಮುಂದೆ ಕೂತು ಕೈ ಕಾಯಿಸಿದಳು. "ಅಕ್ಕಾ, ನಿನ್ನ ರೊಟ್ಟಿ ಸುಟ್ಟು ಕರಿ ಆಗೈತಿ."

"ರೊಟ್ಟಿ ಮನಿ ಹಾಳಾಗ್ಲಿ!"

"ಬೈಯಾಕತ್ತಿ ಅಂದ್ರ ಇನ್ನೂ ಶಕ್ತಿ ಐತಿ. ಹೆರಿಗಿ ದೂರ ಐತಿ, ನಡದಾಡು."

ಹೊಟ್ಟೆ ಮುಟ್ಟಿ ನೋಡಿ, ಗಂಜಿ ಕುಡಿಸಿ, ಓಣಿಯ ಉದ್ದಕ್ಕೂ ನನ್ನನ್ನು ನಡೆಸಿದಳು. ನೋವು ಬಂದಾಗ ಅವಳ ಹೆಗಲಿಗೆ ಜೋತುಬೀಳುತ್ತಿದ್ದೆ, ಹೋದಾಗ ಮತ್ತೆ ನಡೆಯುತ್ತಿದ್ದೆ. ನೋವು ಒತ್ತೊತ್ತಾಗಿ ಬರತೊಡಗಿದ ಮೇಲೆ ಆಟೋದಲ್ಲಿ ಅವಳದೇ ದವಾಖಾನೆಗೆ ಹೋದೆವು. ಹಿರಿಯ ಸಿಸ್ಟರ್ ಅವರ ಒಪ್ಪಿಗೆ ಪಡೆದು ಅವಳು ನನ್ನ ಪಕ್ಕದಲ್ಲೇ ನಿಂತಳು. ಅವಳು "ಅಕ್ಕಾ" ಎಂದಾಗಲೆಲ್ಲ ಪಕ್ಕದ ಮಂಚದ ತೆಲುಗು ಹುಡುಗಿಯೂ "ಆಂ" ಎನ್ನುತ್ತಿದ್ದಳು.

"ಖರೇ ಅಕ್ಕ ನಾನss!" ಎಂದು ನಾನು ಕೂಗಿದೆ.

"ಇವತ್ತ ಇಬ್ರೂ ಖರೇನss," ಎಂದು ತಂಗಿ ನಕ್ಕಳು. ನಗು ತಡೆಯಲಾಗದೆ ನನ್ನ ಮೈ ಸಡಿಲಾಯಿತು. ಸ್ವಲ್ಪ ಹೊತ್ತಿಗೆ ಮಗಳು ಹುಟ್ಟಿದಳು. ಒರೆಸಿದ ಕೂಸನ್ನು ತಂಗಿ ನೇರ ನನ್ನ ಎದೆಯ ಮೇಲೆ ಮಲಗಿಸಿದಳು. "ಹುಟ್ಟಿದ ಕೂಸಿಗಿ ಮೊದ್ಲ ಬೇಕಾಗೂದು ಬಿಸಿ," ಎಂದಳು. ನಾನು ಅತ್ತುಬಿಟ್ಟೆ. ಎಲ್ಲರೂ ಅದನ್ನು ಸಂತೋಷದ ಅಳು ಎಂದುಕೊಂಡರು. ನನ್ನ ಕಣ್ಣ ಮುಂದೆ ಇದ್ದದ್ದು ಹಿತ್ತಲ ನಲ್ಲಿ.

ಮರುದಿನ ಅತ್ತೆ ಬಾಣಂತಿಗೆಂದು ಅಳವಿ ಬೀಜದ ಪಾಯಸ ತಂದರು. ತಂಗಿ ಕೂಸಿಗೆ ಬಟ್ಟೆ ಸುತ್ತುತ್ತಿದ್ದಳು. ನಾನು ಧೈರ್ಯ ಮಾಡಿ ಹೇಳಿದೆ: "ಅತ್ತೀ, ಇನ್ನಮ್ಯಾಲೆ ತಂಗಿ ಮುಂದಿನ ಬಾಗಿಲಿಂದ ಬರ್ಲಿರಿ. ಆ ತಣ್ಣೀರು ಸಾಕು."

ಅತ್ತೆ ಚಮಚೆ ಕೆಳಗಿಟ್ಟರು. "ಯಾರು ಬ್ಯಾಡ ಅಂದ್ರವಾ? ಅಕ್ಕ ತಂಗಿ ದಿನಾ ಹಂಗ ಮಾಡ್ತಿದ್ರಿ. ನಿಮ್ಮ ತವರಿನ ಪದ್ಧತಿ ಇರ್ಬೇಕು, ನಾ ಯಾಕ ನಡುವ ಬಾಯಿ ಹಾಕ್ಲಿ ಅಂತ ಸುಮ್ನಿದ್ದೆ."

ನಾನು ಅವರಿಗೆ ಬೇಕೆಂದು ಮಾಡಿಸಿದ್ದೆ. ಅವರು ನಮ್ಮ ತವರಿನ ಪದ್ಧತಿ ಎಂದು ನೋಡುತ್ತಿದ್ದರು. ಆ ಪದ್ಧತಿಯ ಕೆಳಗೆ ಕೂತು ಮಿಂದವಳು ತಂಗಿ ಒಬ್ಬಳೇ. ಅವಳು ನಮ್ಮಿಬ್ಬರ ಮುಖ ನೋಡಿದಳು, ಆಮೇಲೆ ಆಯಾ ಬಂದು ಗದರುವವರೆಗೂ ನಕ್ಕಳು.

"ಹಂಗಾರ ನನ್ನ ಎರಡು ಚಳಿಗಾಲ ಪುಕ್ಕಟೆ ಹ್ವಾದ್ವೇನ್ರಿ?"

ತಪ್ಪಾಯಿತು ಎಂದು ಆಗಲೇ ಅನ್ನಬೇಕಿತ್ತು. ಆ ಮಾತನ್ನು ಬಾಯಿಬಿಟ್ಟು ನಾನು ಇಂದಿಗೂ ಆಡಿಲ್ಲ.

ಮನೆಗೆ ಬಂದ ದಿನ ಅತ್ತೆ ಆರತಿ ನೀರು ಹಿಡಿದು ಮುಂಬಾಗಿಲಲ್ಲಿ ನಿಂತಿದ್ದರು. ಕೂಸು ನನ್ನ ಕೈಯಲ್ಲಿತ್ತು. ತಂಗಿ ಆಟೋ ಇಳಿದವಳೇ ರೂಢಿಯಂತೆ ಚೀಲ ಹಿಡಿದು ಹಿತ್ತಲ ಕಡೆ ನಡೆದಳು.

"ಏ, ಎಲ್ಲಿ ಹೊಂಟಿ? ನೀ ಈ ಕಡೆ ಬರೂತನಾ ನಾ ಹೊಸ್ತಿಲಾ ದಾಟೂದಿಲ್ಲ," ಎಂದೆ.

"ಹಸಿ ಬಾಣಂತಿ ಗಾಳ್ಯಾಗ ನಿಂತಾಳ, ಲಗೂ ಬಾರವಾ!" ಎಂದು ಅತ್ತೆಯೂ ಕೂಗಿದರು. "ಕೂಸಿನ್ನ ನೀನss ಎತ್ಕೊಂಡು ಒಳಗ ನಡಿ. ಹೊರಗ ತಂದಾಕಿ ನೀ ಅಲ್ಲೇನು?"

ತಂಗಿ ಹಿಂತಿರುಗಿ ಬಂದು ಹೊಸ್ತಿಲ ಮುಂದೆ ನಿಂತಳು. ನಾನು ಕೂಸನ್ನು ಮುಂದೆ ಚಾಚಿದೆ. ಅವಳು ಚೀಲವನ್ನು ಕೆಳಗಿಟ್ಟು ಎರಡೂ ಅಂಗೈಗಳನ್ನು ಉಜ್ಜತೊಡಗಿದಳು.

"ತಡೀರಿ, ಕೈ ಬಿಸಿ ಆಗ್ಲಿ."