ಹೆನ್ನಿ ಮಾಮನ ಅಗ್ಗದ ಬಂದೂಕು

ದಕ್ಷಿಣ ಆಫ್ರಿಕಾದ ನಮ್ಮೂರು ಥಬಜಿಂಬಿಯಲ್ಲಿ ಬೇಟೆಯ ಕಾಲ ಬಂತೆಂದು ನನ್ನ ಬಂದೂಕಿನಂಗಡಿಗೆ ಗೊತ್ತಾಗುವುದೇ ಹೆನ್ನಿ ಮಾಮನಿಂದ. ಅವನಿಗೆ ಕಾಡುಕೋಣ ಉರುಳಿಸುವ ಬಂದೂಕು ಬೇಕು, ಬೆಲೆ ಮಾತ್ರ ಮೊಲ ಹೊಡೆಯುವ ಬಂದೂಕಿನಷ್ಟೇ ಇರಬೇಕು. ನನ್ನ ಬಿಟ್ಟಿ ಕಾಫಿಗೆ ನನ್ನದೇ ರಸ್ಕು ಅದ್ದುತ್ತಾ, ದುಬಾರಿ ಬಂದೂಕುಗಳ ಮೇಲಿನ ಕೆತ್ತನೆ ಕಂಡು ಮೂಗು ಮುರಿಯುತ್ತಾನೆ: “ಈ ಹೂಬಳ್ಳಿ ನೋಡಿ ಮೆಚ್ಚೋಕೆ ಕೋಣ ಏನು ಮದುವೆಗೆ ಬರ್ತದಾ?” ಬಣ್ಣ ಹೋದ ಹಳೆಯವನ್ನೆಲ್ಲ ಇಳಿಸಿ, ಒಂದೊಂದನ್ನೇ ಹೆಗಲಿಗೇರಿಸಿ, ಗೋಡೆಯ ಮೇಲಿನ ಚರ್ಚ್ ಕ್ಯಾಲೆಂಡರಿನ ಪಾದ್ರಿಗೆ ಗುರಿಯಿಡುತ್ತಾನೆ. ಆಮೇಲೆ ಕಣ್ಣು ಮುಚ್ಚಿ, ಗುಂಡು ಏರಿಸುವ ಬೋಲ್ಟನ್ನು ಹಿಂದೆ ಮುಂದೆ ಎಳೆಯುತ್ತಲೇ ಇರುತ್ತಾನೆ. “ಮಾಮ, ಬಂದೂಕು ತಗೊಳ್ತೀಯೋ, ಹಾಲು ಕರೀತೀಯೋ?” ಎಂದು ನಾನು ಛೇಡಿಸುವುದುಂಟು. ಮೊನ್ನೆ, ಹೊಸದಾಗಿ ಮದುವೆಯಾದ ರೂಡಿ ಅಗ್ಗಕ್ಕೆ ಸಿಕ್ಕಿತೆಂದು ಕುಣಿಯುತ್ತಾ ಒಂದು ಬಂದೂಕು ಎತ್ತಿಕೊಂಡ. ಮಾಮ ಅದನ್ನು ಕಿತ್ತುಕೊಂಡು ಬೋಲ್ಟ್ ಎಳೆದ. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. “ಇದು ಬೇಡ, ಮಗಾ,” ಎಂದ ಮೆಲ್ಲಗೆ. “ನನ್ನ ತಮ್ಮ ಎರಡನೇ ಗುಂಡು ಏರಿಸೋ ತನಕ ಕೋಣ ಕಾಯಲಿಲ್ಲ.” ರೂಡಿ ಇನ್ನೊಂದು ಬಂದೂಕು ಇಳಿಸಿ, ಮಾಮನ ಕೈಗೇ ಕೊಟ್ಟ.