ಐನೂರು ಮಂದಿಯ ಸಭೆ

ಪಾಸ್ಟರ್ ರವಿಕುಮಾರ ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಒಂದು ಕಣ್ಣು ಅರೆ ತೆರೆದೇ ಇರುತ್ತಿತ್ತು. ಯಾರು ಬಂದಿಲ್ಲ, ಯಾರು ತೂಕಡಿಸುತ್ತಿದ್ದಾರೆ, ಎಲ್ಲ ಆ ಕಣ್ಣಿಗೆ ಬೇಕು. ಇದು ಗೊತ್ತಿದ್ದದ್ದು ಹೆಂಡತಿ ಸುಮಂಗಲಾಗೆ ಮಾತ್ರ. ಯಾಕೆಂದರೆ ಅವಳು ಎರಡೂ ಕಣ್ಣು ಬಿಟ್ಟು ಗಂಡನನ್ನೇ ನೋಡುತ್ತಿದ್ದಳು.

ಸುಮಂಗಲಾ ಹುಮನಾಬಾದಿನವಳು. ಮದುವೆಯಾಗಿ ನಾಸಿಕಕ್ಕೆ ಬಂದು, ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಗಂಡನ ಸಭೆ ಎಂದರೆ ದಿಂಡೋರಿ ರಸ್ತೆಯ ಮಗ್ಗುಲಿಗೆ ಒಂದು ತಗಡಿನ ಶೆಡ್ಡು. ಬರುವವರು ಬೀದರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮಂದಿ. ವಾರವೆಲ್ಲ ಸಿಮೆಂಟು ಹೊತ್ತವರು ರವಿವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು, ಚಾಪೆಯ ಮೇಲೆ ಕೂತು ಎದೆ ತುಂಬಿ ಹಾಡುತ್ತಿದ್ದರು. ಪಾಸ್ಟರ್ ಅಷ್ಟು ಹೊತ್ತು ಮೊಬೈಲ್ ನೋಡಿ, ಹಾಡು ಮುಗಿದದ್ದೇ ಎದ್ದು ನಿಂತು, ಹಾಡಿದವರಿಗೆ ಭಕ್ತಿ ಸಾಲದು ಎಂದು ಬೈಯುತ್ತಿದ್ದ.

ಅಂಥವನಿಗೆ ಆರಾಧನೆಯ ಬಗ್ಗೆ ಪಾಠ ಹೇಳಲು ಯುಗಾಂಡಾದಿಂದ ಕರೆ ಬಂತು.

ಅದನ್ನು ಮಾಡಿಸಿದವನು ಅವನ ತಮ್ಮ ಅರವಿಂದ. ಅವನು ಸಂಭಾಜಿನಗರದಲ್ಲಿ ಸಭೆ ಸಮಾರಂಭಗಳಿಗೆ ಮೈಕು ಸ್ಪೀಕರು ಬಾಡಿಗೆ ಕೊಡುವವ. ಅಲ್ಲಿಯ ಒಂದು ದೊಡ್ಡ ಕೂಟಕ್ಕೆ ಯುಗಾಂಡಾದ ಬೈಬಲ್ ಶಾಲೆಯೊಂದರ ಮುಖ್ಯಸ್ಥೆ ಮಿರೆಂಬೆ ಎಂಬಾಕೆ ಬಂದಿದ್ದರು. ಮೈಕು ಸರಿಮಾಡುವ ನೆವದಲ್ಲಿ ಅವರ ಹತ್ತಿರ ಹೋದ ಅರವಿಂದ, "ಆರಾಧನೆ ನಡೆಸೋದರಲ್ಲಿ ನಮ್ಮ ಅಣ್ಣನ ಮುಂದೆ ಮಹಾರಾಷ್ಟ್ರದಾಗ ಯಾರೂ ಇಲ್ಲ" ಎಂದು ಹರಕು ಇಂಗ್ಲಿಷಿನಲ್ಲಿ ಕೊರೆದ. ಆಕೆ ನಂಬಿದರು. ಒಂದು ವಾರದ ಪಾಠ ನಿಗದಿಯಾಯಿತು.

"ಏನ್ ಕಲಸ್ತೀರಿ ಅಲ್ಲಿ?" ಸುಮಂಗಲಾ ಕೇಳಿದಳು.

"ವರ್ಷಿಪ್."

"ವರ್ಷಿಪ್ ಅಂದ್ರ?"

"ಅದನ್ನ ಕಲಸ್ತೀನಿ."

ಇಂಟರ್ನೆಟ್ಟಿನಿಂದ ಹೆಕ್ಕಿದ ಪಾಠಗಳನ್ನು ಅವನು ಅವಳ ಮುಂದೆ ಹಾಕಿದ. ಅವಳು ಸ್ಪೆಲ್ಲಿಂಗ್ ತಿದ್ದಿಕೊಟ್ಟಳು. ವಿಷಯ ತಿದ್ದಲು ಹೋಗಲಿಲ್ಲ. ತಿದ್ದಲು ಅದರಲ್ಲಿ ಏನೂ ಇರಲಿಲ್ಲ.

ಅಲ್ಲಿ ಮುಟ್ಟಿದ ಮೇಲೆ ದಿನಾ ಫೋನು. "ಇವ್ರಿಗೆ ಕುಣಿಯೂದೊಂದೇ ಗೊತ್ತು ನೋಡು. ಸುಮ್ಮ ಕೂಡೂದು ನಾ ಕಲಸಾಕತ್ತೀನಿ."

ಸುಮ್ಮನೆ ಕೂಡುವುದನ್ನು ಕಲಿಸಲು ಇವನಿಗಿಂತ ಯೋಗ್ಯರು ಸಿಗಲಿಕ್ಕಿಲ್ಲ ಎಂದುಕೊಂಡಳು ಸುಮಂಗಲಾ. ಮದುವೆಯಾದಾಗಿನಿಂದ ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡಿದ್ದಾನೆ.

ಶುಕ್ರವಾರದ ಫೋನಿನಲ್ಲಿ ದನಿ ಬೇರೆಯಾಗಿತ್ತು.

"ಸುಮಂಗಲಾ, ನಮ್ಮ ಸಭಾದಾಗ ಐನೂರು ಮಂದಿ ಅಂತ ಹೇಳೀನಿ. ಮಿರೆಂಬೆ ಮೇಡಂ ರವಿವಾರ ವಿಡಿಯೋ ಕಾಲ್ ಮಾಡಿ ತೋರಸ್ರಿ ಅನ್ಲಾಕತ್ತಾರ."

"ನಲವತ್ತು ಮಂದಿ ಕೂಡಿದ್ರ ನಮಗ ಕ್ರಿಸ್ಮಸ್. ಉಳದವರನ್ನ ನಾ ಹಡಿಲೇನ್ರಿ?"

"ಅರವಿಂದಗ ಹೇಳೀನಿ. ನೀ ಫೋನ್ ಹಿಡ್ಕೊಂಡು ನಿಲ್ಲು, ಸಾಕು."

ರವಿವಾರ ಮುಂಜಾನೆ ಅರವಿಂದ ಸಂಭಾಜಿನಗರದಿಂದ ಟೆಂಪೊಗಳ ಸಾಲನ್ನೇ ತಂದ. ದಾರಿಯಲ್ಲಿ ಲಾಸಲಗಾಂವಕ್ಕೆ ಹೋಗಿ, ಉಳ್ಳಾಗಡ್ಡಿ ಮಾರ್ಕೆಟ್ಟಿಗೆ ಸೂಟಿ ಇದ್ದದ್ದರಿಂದ ಖಾಲಿ ಕೂತ ಹಮಾಲರನ್ನು ಬಿರ್ಯಾನಿಯ ಆಸೆ ತೋರಿಸಿ ಹತ್ತಿಸಿಕೊಂಡಿದ್ದ. ಐನೂರಂತೂ ಅಲ್ಲ, ಆದರೆ ಶೆಡ್ಡು ಗಿಜಿಗುಟ್ಟಿತು. "ನಾ ಕೈ ಎತ್ತಿದ ಕೂಡಲೇ ಎಲ್ಲರೂ ಎತ್ತಬೇಕು" ಎಂದು ಮರಾಠಿಯಲ್ಲಿ ತಾಲೀಮು ಮಾಡಿಸಿದ. ಅಷ್ಟರಲ್ಲಿ ಸಭೆಯ ಮಂದಿ ಬಂದರು. ಎಲ್ಲರಿಗಿಂತ ಮುಂದೆ ರೇಣವ್ವ. ಅವಳು ಆಳಂದದ ಕಡೆಯ ಮುದುಕಿ, ಸೊಸೆಯ ಜೊತೆ ಕಟ್ಟಡದಲ್ಲೇ ಸಂಸಾರ. ಅರವಿಂದ ಅವಳ ಸುಣ್ಣ ಹತ್ತಿದ ಸೀರೆ ನೋಡಿ ಕೈ ಅಡ್ಡ ಇಟ್ಟ.

"ಆಯಿ, ನೀವೆಲ್ಲಾ ಹೊರಗ ನಿಲ್ರಿ. ಫೋಟೋದಾಗ ಚಂದ ಕಾಣಂಗಿಲ್ಲ."

ರೇಣವ್ವ ಸುಮಂಗಲಾಳ ಮುಖ ನೋಡಿದಳು. ಸುಮಂಗಲಾ ಕೈಯಲ್ಲಿದ್ದ ಫೋನು ನೋಡತೊಡಗಿದಳು. ಮುದುಕಿ ಚಾಪೆ ಬಿಟ್ಟು ಹೊರಗೆ ಬಿಸಿಲಿಗೆ ಹೋಗಿ ನಿಂತಳು, ಅವಳ ಹಿಂದೆ ಉಳಿದವರು. ಸುಮಂಗಲಾಗೆ ಗಂಡನ ಮೇಲಿದ್ದ ಹೇಸಿಗೆ ಆಗ ಮೊದಲ ಸಲ ತನ್ನ ಮೇಲೂ ಬಂತು.

ಫೋನು ಬಂತು. ಪರದೆಯ ಮೇಲೆ ರವಿಕುಮಾರ, ಯಾರದೋ ದೊಗಳೆ ಕೋಟಿನಲ್ಲಿ. ಅವನ ಮಗ್ಗುಲಿಗೆ ಮಿರೆಂಬೆ, ಹಿಂದೆ ವಿದ್ಯಾರ್ಥಿಗಳು.

"ನೋಡಿ, ನನ್ನ ಸಭೆ!" ಎಂದು ಅವನು ಇಂಗ್ಲಿಷಿನಲ್ಲಿ ಸಾರಿದ. ಅರವಿಂದ ಕೈ ಎತ್ತಿದ. ಹಮಾಲರ ಕೈಗಳು ಮೇಲೆದ್ದವು. ಆ ಕಡೆಯಿಂದ ಚಪ್ಪಾಳೆ. ಕೈಗಳು ಎದ್ದೇ ಇದ್ದವು, ಇಳಿಸಿರೆಂದು ಹೇಳಲು ಅರವಿಂದ ಮರೆತಿದ್ದ. ಕಡೆಗೆ ಮುಂದಿದ್ದ ಒಬ್ಬ ದಪ್ಪ ಮೀಸೆಯವ ಬೇಸತ್ತು, ಬಿರ್ಯಾನಿ ಯಾವಾಗ ಸಿಗುತ್ತದೆ ಎಂದು ಮರಾಠಿಯಲ್ಲಿ ಕೂಗಿದ: "ಅರೇ, ಬಿರ್ಯಾನಿ ಕಧಿ ಮಿಳಣಾರ್?"

"ಆ ಸಹೋದರರು ಏನೆಂದರು?" ಮಿರೆಂಬೆ ಕೇಳಿದರು.

"ದೇವರಿಗೆ ಸ್ತೋತ್ರ ಅಂದರು, ಮರಾಠಿಯಲ್ಲಿ," ಎಂದ ರವಿಕುಮಾರ.

"ನನಗೆ ಬಿರ್ಯಾನಿ ಅಂತ ಕೇಳಿಸಿತು. ನಮ್ಮಲ್ಲೂ ಅದನ್ನು ಮಾಡುತ್ತಾರೆ, ಪಾಸ್ಟರ್." ಆಕೆ ಫೋನಿಗೆ ಇನ್ನಷ್ಟು ಹತ್ತಿರ ಬಂದರು. "ಸಹೋದರಿ, ನೀವು ಹೇಳಿ. ಇವರೆಲ್ಲ ನಿಮ್ಮವರೇ?"

ಅರವಿಂದ ಪಕ್ಕದಿಂದ, "ಹೌದನ್ರಿ, ವೈನಿ" ಎಂದು ಪಿಸುಗುಟ್ಟಿದ.

"ಅಲ್ಲ ಮೇಡಂ," ಎಂದಳು ಸುಮಂಗಲಾ. "ನಮ್ಮವರು ಹೊರಗೆ ನಿಂತಿದ್ದಾರೆ." ಫೋನು ಹಿಡಿದುಕೊಂಡೇ ಬಾಗಿಲು ದಾಟಿ, ಸೆರಗು ತಲೆಯ ಮೇಲೆ ಹೊದ್ದು ನಿಂತ ರೇಣವ್ವನನ್ನು, ಕೂಸು ಎತ್ತಿಕೊಂಡ ಹೆಂಗಸರನ್ನು ತೋರಿಸಿದಳು.

ಮಿರೆಂಬೆ ಗಹಗಹಿಸಿ ನಕ್ಕರು, ಹಿಂದಿದ್ದ ವಿದ್ಯಾರ್ಥಿಗಳೂ. "ಬಿಳಿ ಅತಿಥಿಗಳು ಬಂದಾಗ ನಾವೂ ಪಕ್ಕದೂರಿನಿಂದ ಮಂದಿಯನ್ನು ಕರೆತರುತ್ತೇವೆ," ಎಂದರು. ಆಮೇಲೆ ನಗು ನಿಲ್ಲಿಸಿ, ರವಿಕುಮಾರನ ಕಡೆ ತಿರುಗಿ, "ಆದರೆ ನಮ್ಮವರನ್ನು ಬಿಸಿಲಿಗೆ ಹಾಕುವುದಿಲ್ಲ, ಪಾಸ್ಟರ್" ಎಂದರು. ಕೋಟಿನೊಳಗೆ ಅವನು ಸಣ್ಣಗಾದ. ಕರೆ ಕಡಿದುಹೋಯಿತು, ಅಥವಾ ಅವನೇ ಕಡಿದ.

ಬಿರ್ಯಾನಿಯ ಹಂಡೆ ಬಂದಾಗ ಸುಮಂಗಲಾ ಮೊದಲು ಬಡಿಸಿದ್ದು ಹೊರಗಿದ್ದವರಿಗೆ.

ಊರಿಗೆ ಬಂದವನು ಚಪ್ಪಲಿ ಬಿಡುವ ಮೊದಲೇ, "ನನ್ನ ಮರ್ಯಾದಿ ಕಳದಿ" ಎಂದ.

"ಇದ್ದದ್ದನ್ನ ಕಳಿಬಹುದ್ರಿ," ಎಂದು ಅವಳು ಶಾಲೆಗೆ ಹೊರಟಳು.

ಅವನಿಗೆ ನಾಚಿಕೆಯಾಗಬಹುದು ಎಂಬ ಸಣ್ಣ ಆಸೆ ಅವಳಿಗಿತ್ತು. ಅದೂ ಸುಳ್ಳಾಯಿತು. ಸಂಭಾಜಿನಗರದ ಮುಂದಿನ ಕೂಟದಲ್ಲಿ ಅವನು, ಯುಗಾಂಡಾದವರ ವಿವೇಕ ಪರೀಕ್ಷಿಸಲು ತಾನೇ ಬೇಕೆಂದು ಆ ನಾಟಕ ಹೂಡಿದ್ದೆ ಎಂದು ಭಾಷಣ ಮಾಡಿದ. ಮಂದಿ ಆಮೆನ್ ಎಂದರು. ಈಗ ಅವನು ಅಲ್ಲೇ ತಮ್ಮನ ಗೋಡೌನಿನಲ್ಲಿ ಸ್ಪೀಕರುಗಳ ನಡುವೆ 'ವಿದೇಶದಲ್ಲಿ ಕಲಿಸಿದ ಗುರು' ಎಂಬ ಫಲಕ ಹಾಕಿಕೊಂಡು ಆರಾಧನೆಯ ಕೋರ್ಸು ನಡೆಸುತ್ತಾನೆ. ಸುಮಂಗಲಾ ನಾಸಿಕ ಬಿಡಲಿಲ್ಲ. ರವಿವಾರ ಶೆಡ್ಡಿನ ಬೀಗ ತೆಗೆಯುವವಳು ಅವಳೇ. ಮಂದಿ ಹಾಡುತ್ತಾರೆ, ಯಾರಾದರೊಬ್ಬರು ಪ್ರಾರ್ಥಿಸುತ್ತಾರೆ, ಯಾರೂ ಯಾರನ್ನೂ ಬೈಯುವುದಿಲ್ಲ.

ಹೋದ ತಿಂಗಳು ಒಂದು ರವಿವಾರ ಅವನು ಮೊದಲೇ ತಿಳಿಸದೆ ಬಂದ. ಮುಂದೆ ನಿಂತು, "ನಾನು ಯುಗಾಂಡಾದಲ್ಲಿದ್ದಾಗ" ಎಂದು ಶುರುಮಾಡಿದ. ಅದು ಮುಗಿಯುವ ಲಕ್ಷಣ ಕಾಣಲಿಲ್ಲ. ರೇಣವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ಪಾಸ್ಟರೇ, ಸ್ಲ್ಯಾಬ್ ಹಾಕೂದೈತ್ರಿ. ಮುಕಾದಮ್ ಕಾಯಾಕತ್ತಾನ. ನಾವು ಬರ್ತೀವ್ರಿ."

ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೈಮುಗಿದು ಹೊರಟರು. ಶೆಡ್ಡಿನಲ್ಲಿ ಉಳಿದವಳು ಸುಮಂಗಲಾ ಒಬ್ಬಳೇ.

"ನೀನರೆ ಕೇಳು," ಎಂದ ರವಿಕುಮಾರ.

ಅವಳು ಬಾಗಿ ಚಾಪೆ ಸುತ್ತತೊಡಗಿದಳು. "ಸ್ವಲ್ಪ ಸರೀರಿ," ಎಂದಳು. "ನೀವು ಚಾಪಿ ಮ್ಯಾಲೆ ನಿಂತೀರಿ."