ಮೇಣ ಕಟ್ಟಿದ ಡೀಸೆಲ್

ಕಣ್ಣಾರೆ ಕಂಡೆವು ಎನ್ನುವವರ ಮಾತನ್ನೂ ನಾನು ಸುಲಭಕ್ಕೆ ನಂಬಿದವನಲ್ಲ. ಪತ್ರಿಕೆಯ ಕೆಲಸವೇ ಅಂಥದು. ಇನ್ನೊಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳದೆ ಒಂದು ಸಾಲೂ ಬರೆಯುವಂತಿಲ್ಲ. ಈ ಸಂಗತಿಗೆ ಮಾತ್ರ ಅಂಥ ಇನ್ನೊಬ್ಬರು ನನಗೆ ಸಿಕ್ಕಿಲ್ಲ.

ಕೆಲವು ವರ್ಷಗಳ ಹಿಂದಿನ ಧನುರ್ಮಾಸ. ಸಾಲಗಾಮೆ ಬಳಿಯ ಅಕ್ಕನ ಮನೆಗೆ ಹೋಗಿದ್ದೆ. ಶ್ವಾಸಕೋಶ ಕೆಟ್ಟಿದ್ದ ಭಾವ ಆಕ್ಸಿಜನ್ ಯಂತ್ರದ ಮೇಲಿದ್ದರು. ಕರೆಂಟು ಹೋದರೆ ಜನರೇಟರೇ ಗತಿ. ಅದಕ್ಕೆ ಹಾಕುತ್ತಿದ್ದುದು ಹೊಂಗೆ ಎಣ್ಣೆಯಿಂದ ಮಾಡಿದ ಡೀಸೆಲ್. ಚಳಿಗೆ ಅದರಲ್ಲಿ ಮೇಣ ಕಟ್ಟುತ್ತದೆ. ಕ್ಯಾನನ್ನು ರಾತ್ರಿಯಿಡೀ ಅಂಗಳದಲ್ಲಿಟ್ಟು, ಹೆಪ್ಪುಗಟ್ಟಿದ್ದನ್ನು ಹಳೆಯ ಪಂಚೆಯಲ್ಲಿ ಸೋಸಿ, ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯುವುದು ಭಾವನ ರೂಢಿ. ಅವರು ಹಾಸಿಗೆ ಹಿಡಿದ ಮೇಲೆ ಅಕ್ಕ ಸೋಸದೆಯೇ ಸುರಿದಿದ್ದಳು.

ಬೆಳಗಿನ ಜಾವ ಕರೆಂಟು ಹೋಯಿತು. ಜನರೇಟರ್ ತುಸು ಹೊತ್ತು ಓಡಿ, ಕೆಮ್ಮಿ, ನಿಂತಿತು. ಮನೆಯಲ್ಲಿದ್ದ ಆಕ್ಸಿಜನ್ ಸಿಲಿಂಡರ್ ಆಗಲೇ ಖಾಲಿಯಾಗಿತ್ತು. ಫೋನ್ ಮಾಡಿದರೆ, ಹಾಸನದಿಂದ ಆಂಬುಲೆನ್ಸ್ ಹೊರಟಿದೆ ಎಂದರು. ಒಳಗೆ ಭಾವನ ತುಟಿ ನೀಲಿಯಾಗುತ್ತಿತ್ತು. ಮೊಬೈಲ್ ಬೆಳಕಿನಲ್ಲಿ ನಾನು ಪೈಪು ಕಳಚಿ ಫಿಲ್ಟರ್ ಬಿಚ್ಚಿದೆ. ಅದರ ತುಂಬ ಬೆಣ್ಣೆಯಂಥ ಮೇಣ. ಬೆರಳಿನಿಂದ ಬಗೆದಷ್ಟೂ ಮುಗಿಯಲೊಲ್ಲದು.

"ಏನ್ಲಾ ಕೆರೀತಾ ಕುಂತಿದ್ದೀಯ, ಉಸ್ರು ಓಯ್ತದೆ ಕಣ್ಲಾ!" ಎಂದು ಓಡಿಬಂದ ಅಕ್ಕ, ನಾನು ತಡೆಯುವ ಮೊದಲೇ ಹ್ಯಾಂಡಲ್ ಹಿಡಿದು ತಿರುಗಿಸಿದಳು.

ಎಂಜಿನ್ ಹತ್ತಿಕೊಂಡಿತು.

ಫಿಲ್ಟರ್ ನನ್ನ ಕೈಯಲ್ಲಿತ್ತು. ಟ್ಯಾಂಕಿನ ಪೈಪು ನೇತಾಡುತ್ತಿತ್ತು. ಅದರಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಊರಿಗೆಲ್ಲ ಕತ್ತಲೆ, ಭಾವನ ಕೋಣೆಯಲ್ಲಿ ಮಾತ್ರ ದೀಪ. ಆಕ್ಸಿಜನ್ ಯಂತ್ರದ ಸದ್ದು ಹೊರಗೂ ಕೇಳುತ್ತಿತ್ತು. ಮುಟ್ಟಿದರೆ ನಿಂತೀತೆಂದು ನಾನು ಕುಳಿತಲ್ಲಿಂದ ಅಲುಗಲಿಲ್ಲ. ಬೆಳಕು ಹರಿದು, ಆಂಬುಲೆನ್ಸ್ ಬಂದು, ಅವರ ಸಿಲಿಂಡರಿನ ಮಾಸ್ಕನ್ನು ಭಾವನ ಮುಖಕ್ಕೆ ಹಾಕುವವರೆಗೂ ಅದು ಓಡಿತು. ಆಮೇಲೆ ನಿಂತಿತು.

ಜನರೇಟರ್ ರಿಪೇರಿ ಮಾಡುವ ಮೆಕ್ಯಾನಿಕ್‌ನನ್ನು ಕೇಳಿದೆ. "ಪಂಪಲ್ಲಿ ಉಳ್ದಿದ್ದು ಒಂದ್ಗಳಿಗೆ ಓಡ್ಸೀತು ಅನ್ನಕೂ ಆಗಕಿಲ್ಲ. ಪಿಲ್ಟ್ರು ಬಿಚ್ಚುದ್ರೆ ಗಾಳಿ ತಗಂಡ್ಬುಡ್ತದೆ ಸಾ, ಸ್ಟಾರ್ಟೇ ಆಗಕಿಲ್ಲ. ಪೇಪರ್ನೋರು ಅಂತ ನಮ್ಗೂ ರೀಲ್ ಬುಡ್ತೀರಾ?" ಎಂದು ನಕ್ಕ. ಗಾಬರಿಯಲ್ಲಿ ಪೈಪನ್ನು ನಾನೇ ಜೋಡಿಸಿ ಮರೆತೆನೇ? ಆದರೆ ನಡುವೆ ಫಿಲ್ಟರ್ ಇಲ್ಲದೆ ಜೋಡಿಸಲು ಆ ಪೈಪು ಎಂಜಿನ್ನಿಗೆ ಎಟುಕುವುದೇ ಇಲ್ಲ.

ಭಾವ ಚೇತರಿಸಿಕೊಂಡರು. ಈ ಮಾತೆತ್ತಿದಾಗಲೆಲ್ಲ ಅಕ್ಕ, "ಜೀವ ಉಳೀತಲ್ಲ, ಅದ್ಯಾಕ್ಲಾ ಕೆದುಕ್ತೀಯ, ಬುಡು" ಎನ್ನುತ್ತಾಳೆ.

ನನ್ನಿಂದ ಬಿಡಲಾಗುತ್ತಿಲ್ಲ.